ಹಿಂದಿನ ಸಾಲಿನಿಂದ ರಂಗಪ್ರವೇಶ ಹಿಡಿಯಲು ಯಾವ ಕ್ಯಾಮೆರಾ? ಮೂರನ್ನು ಬಳಸಿ ನೋಡಿದ ಮೇಲೆ ಬರೆದದ್ದು

ಅಕ್ಕನ ಮಗಳ ರಂಗಪ್ರವೇಶದ ದಿನ ನಾನು ಬಾಡಿಗೆಗೆ ತಂದಿದ್ದ ಕ್ಯಾಮೆರಾ, ಭರತನಾಟ್ಯದ ದೀರ್ಘ ನೃತ್ಯಬಂಧವಾದ ವರ್ಣದ ನಡುವೆ ತನ್ನಷ್ಟಕ್ಕೆ ತಾನೇ ನಿಂತುಹೋಯಿತು. ಜೆ.ಸಿ. ರಸ್ತೆಯ ಸಭಾಂಗಣವೊಂದರ ಕೊನೆಯ ಸಾಲಿನ ಹಿಂದೆ ಅದನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೆಂಪು ದೀಪ ಹೊತ್ತಿಕೊಂಡದ್ದನ್ನು ಖಚಿತಪಡಿಸಿಕೊಂಡು, ನಾನು ಮುಂದೆ ಹೋಗಿ ಮನೆಯವರ ಜೊತೆ ಕುಳಿತಿದ್ದೆ. ವರ್ಣ ಮುಗಿಯಲು 37 ನಿಮಿಷ ಹಿಡಿಯಿತು. ಮನೆಗೆ ಬಂದು ನೋಡಿದರೆ ಫೈಲಿನ ಉದ್ದ 29 ನಿಮಿಷ 59 ಸೆಕೆಂಡು. ವರ್ಣದ ಉತ್ತರಾರ್ಧದ ಎತ್ತುಗಡೆ ಸ್ವರಗಳು ಬಿರುಸಾಗುವ ಭಾಗ, ಅಂದರೆ ಆ ಹುಡುಗಿ ತಿಂಗಳುಗಟ್ಟಲೆ ಬೆವರು ಸುರಿಸಿ ತಿದ್ದಿಕೊಂಡ ಭಾಗವೇ ಅದರಲ್ಲಿ ಇರಲಿಲ್ಲ. ಬಾಡಿಗೆ ಅಂಗಡಿಯಲ್ಲಿ ವಿಚಾರಿಸಿದಾಗ, "ಅದು ಹಾಗೇ ಸಾರ್, ಅರ್ಧ ಗಂಟೆಗೊಂದ್ಸಲ ಮತ್ತೆ ಬಟನ್ ಒತ್ಬೇಕು" ಎಂದು ನಿರಾಳವಾಗಿ ಹೇಳಿದರು.

ಕಾರಣವನ್ನು ಆಮೇಲೆ ಹುಡುಕಿ ತಿಳಿದುಕೊಂಡೆ. ಒಂದೇ ಸಲಕ್ಕೆ 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ರೆಕಾರ್ಡ್ ಮಾಡಬಲ್ಲ ಯಂತ್ರವನ್ನು ಯುರೋಪಿನ ಸುಂಕದ ನಿಯಮವು ವಿಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚಿನ ಆಮದು ಸುಂಕ ಹಾಕುತ್ತಿದ್ದುದರಿಂದ, ಸ್ಟಿಲ್ ಕ್ಯಾಮೆರಾ ತಯಾರಕರು ಒಂದು ಸೆಕೆಂಡು ಮೊದಲೇ ನಿಲ್ಲುವಂತೆ ಮಾಡಿ ಆ ಸುಂಕದಿಂದ ತಪ್ಪಿಸಿಕೊಂಡಿದ್ದರು. ಈಚಿನ ಹಲವು ಮಾದರಿಗಳಲ್ಲಿ ಈ ಮಿತಿ ಇಲ್ಲ, ಆದರೆ ಬಾಡಿಗೆಗೂ ಸೆಕೆಂಡ್ ಹ್ಯಾಂಡಿಗೂ ಸಿಗುವ ಹಳೆಯವುಗಳಲ್ಲಿ ಈಗಲೂ ಇದೆ. ಎಲ್ಲಿಯದೋ ಸುಂಕ ಉಳಿಸಲು ಮಾಡಿದ ಏರ್ಪಾಡು ಬೆಂಗಳೂರಿನ ವರ್ಣವೊಂದನ್ನು ಕತ್ತರಿಸಿತು ಎಂದು ಅಕ್ಕನಿಗೆ ವಿವರಿಸುವುದು ಮಾತ್ರ ನನ್ನಿಂದ ಆಗಲಿಲ್ಲ.

ಆ ದಿನದ ನಂತರ ನನಗೆ ನಿಜಕ್ಕೂ ಬೇಕಾದದ್ದು ಏನು ಎಂದು ಕುಳಿತು ಬರೆದುಕೊಂಡೆ. ಮೊದಲನೆಯದು ಎರಡೂವರೆಯಿಂದ ಮೂರು ಗಂಟೆಯ ನೃತ್ಯ, ಸಂಗೀತ ಮತ್ತು ಯಕ್ಷಗಾನದ ಕಾರ್ಯಕ್ರಮಗಳನ್ನು ಪ್ರೇಕ್ಷಕರಿಗೆ ಅಡ್ಡವಾಗದಂತೆ ಹಿಂದಿನಿಂದ ಹಿಡಿಯುವುದು. ಎರಡನೆಯದು ಮನೆಯಲ್ಲಿ ತಂದೆಯವರನ್ನು ಕೂರಿಸಿಕೊಂಡು ಅವರ ನೆನಪುಗಳನ್ನು ದಾಖಲಿಸುವುದು. ಮೂರನೆಯದು ಬಸವನಗುಡಿಯ ಕಡಲೆಕಾಯಿ ಪರಿಷೆಯಂಥ ಜಾತ್ರೆಯಲ್ಲಿ ನಡೆಯುತ್ತ ನಡೆಯುತ್ತ ಹಿಡಿಯುವುದು. ಈ ಮೂರಕ್ಕೂ ಒಂದೇ ಕ್ಯಾಮೆರಾ ಸಾಕೆಂಬ ನಂಬಿಕೆಯಿಂದ ಚಿಕ್ಕಪೇಟೆಯ ಕಡೆಯ ಅಂಗಡಿಯೊಂದಕ್ಕೆ ಹೋದೆ. ಹ್ಯಾಂಡಿಕ್ಯಾಮ್ ಎಂಬ ಮಾತು ಬಾಯಿಂದ ಬರುತ್ತಿದ್ದಂತೆ ಗಲ್ಲಾದಲ್ಲಿದ್ದ ಹುಡುಗ ನಕ್ಕ. "ಈಗ ಯಾರು ಸಾರ್ ಹ್ಯಾಂಡಿಕ್ಯಾಮ್ ತಗೋತಾರೆ? ಇದು ನೋಡಿ, ಫೋರ್‌ಕೆ, ಹಿಂದೆ ಬ್ಲರ್ ಚೆನ್ನಾಗಿ ಬರತ್ತೆ." ಅವನು ಮುಂದೆ ಇಟ್ಟದ್ದು ಸೋನಿ ಝಡ್‌ವಿ-ಇ10. ನಾನು ಎಷ್ಟು ದೂರದಿಂದ ಹಿಡಿಯುತ್ತೇನೆ, ಎಷ್ಟು ಹೊತ್ತು ಹಿಡಿಯುತ್ತೇನೆ ಎಂಬ ಎರಡು ಪ್ರಶ್ನೆಗಳನ್ನು ಅವನು ಕೇಳಲಿಲ್ಲ, ಮತ್ತು ನನ್ನ ಅನುಭವದಲ್ಲಿ ಬೇರೆ ಯಾವ ಅಂಗಡಿಯಲ್ಲೂ ಅವನ್ನು ಯಾರೂ ಕೇಳಿಲ್ಲ. ಆಯ್ಕೆ ನಿಂತಿರುವುದೇ ಆ ಎರಡರ ಮೇಲೆ.

ಕೊಳ್ಳುವ ಮೊದಲು ಆ ಕ್ಯಾಮೆರಾವನ್ನು ಬಾಡಿಗೆಗೆ ತಂದು ಮೂರು ಬಾರಿ ಬಳಸಿದೆ. 2021ರಲ್ಲಿ ಬಂದ ಝಡ್‌ವಿ-ಇ10ರಲ್ಲಿ ಎಪಿಎಸ್-ಸಿ ಎಂಬ ದೊಡ್ಡ ಅಳತೆಯ 24 ಮೆಗಾಪಿಕ್ಸೆಲ್ ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ) ಇದೆ, ಬ್ಯಾಟರಿ ಸೇರಿ ತೂಕ 343 ಗ್ರಾಂ, ಪರದೆ ಪಕ್ಕಕ್ಕೆ ಬಿಚ್ಚಿಕೊಂಡು ಮುಂದಕ್ಕೂ ತಿರುಗುತ್ತದೆ, ಮೈಕ್ ಮತ್ತು ಹೆಡ್‌ಫೋನ್ ಎರಡಕ್ಕೂ ಕಿಂಡಿ ಇದೆ, ಅರ್ಧ ಗಂಟೆಯ ಮಿತಿಯ ಕಾಟ ಇಲ್ಲ. ತಂದೆಯವರ ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯದನ್ನು ಈ ಬೆಲೆಯ ಆಸುಪಾಸಿನಲ್ಲಿ ನಾನು ನೋಡಿಲ್ಲ. ಕಿಟಕಿಯ ಬೆಳಕಿನಲ್ಲಿ ಅವರ ಮುಖದ ಸುಕ್ಕುಗಳು ಸಹಜವಾಗಿ ಬಂದವು, ಕಣ್ಣಿನ ಮೇಲೆ ಹಿಡಿದ ಫೋಕಸ್ ಅವರು ಮುಂದೆ ಬಾಗಿದಾಗಲೂ ಸಡಿಲಲಿಲ್ಲ. ದೇಹದೊಳಗೆ ಸೆನ್ಸರನ್ನು ಸ್ಥಿರಗೊಳಿಸುವ ವ್ಯವಸ್ಥೆ ಇದರಲ್ಲಿಲ್ಲ, ಎಲೆಕ್ಟ್ರಾನಿಕ್ ಸ್ಥಿರತೆಯನ್ನು ಹಾಕಿದರೆ ಚಿತ್ರದ ಅಂಚುಗಳು ಬಹಳಷ್ಟು ಕತ್ತರಿಸಿಹೋಗುತ್ತವೆ, ಕ್ಯಾಮೆರಾವನ್ನು ಬೇಗ ತಿರುಗಿಸಿದರೆ ಕಂಬಗಳು ಓರೆಯಾಗಿ ಕಾಣುತ್ತವೆ. ಕುಳಿತು ಮಾತನಾಡುವವರನ್ನು ಹಿಡಿಯುವಾಗ ಈ ಯಾವ ದೋಷವೂ ಲೆಕ್ಕಕ್ಕೆ ಬರುವುದಿಲ್ಲ.

ಸಭಾಂಗಣದ ಹಿಂದಿನ ಸಾಲಿಗೆ ಹೋದಾಗ ಕಥೆ ಬೇರೆಯಾಯಿತು. ಇದರ ಜೊತೆ ಬರುವ 16-50 ಮಿ.ಮೀ. ಲೆನ್ಸನ್ನು ಪೂರ್ತಿ ಎಳೆದರೂ ಅದು ಹಳೆಯ ಫಿಲಂ ಕ್ಯಾಮೆರಾದ 75 ಮಿ.ಮೀ. ಲೆನ್ಸಿಗೆ ಸಮ. ಲೆಕ್ಕ ಸರಳವಾಗಿದೆ: ಹಳೆಯ ಫಿಲಂ ಚೌಕಟ್ಟಿನ ಅಗಲವಾದ 36 ಮಿ.ಮೀ.ಯನ್ನು 75ರಿಂದ ಭಾಗಿಸಿ, ವೇದಿಕೆಗೆ ಇರುವ 20 ಮೀಟರ್ ದೂರದಿಂದ ಗುಣಿಸಿದರೆ ಸುಮಾರು ಒಂಬತ್ತೂವರೆ ಮೀಟರ್ ಅಗಲ ಕಾಣುತ್ತದೆ, ಅಂದರೆ ಇಡೀ ವೇದಿಕೆ. ಹಾಗೆ ಹಿಡಿದ, ಅಭಿನಯವೇ ಮುಖ್ಯವಾದ ಒಂದು ಜಾವಳಿಯನ್ನು ನೋಡಿ ಅಕ್ಕನ ಮಗಳು, "ಮಾಮ, ಕಣ್ಣೇ ಕಾಣಿಸಲ್ವಲ್ಲ" ಎಂದಳು. ಕಣ್ಣು ಕಾಣದ ಜಾವಳಿಯಿಂದ ಯಾರಿಗೆ ಏನು ಪ್ರಯೋಜನ? 55-210 ಮಿ.ಮೀ. ಲೆನ್ಸ್ (ಪೂರ್ತಿ ಎಳೆದರೆ ಫಿಲಂ ಲೆಕ್ಕದಲ್ಲಿ 315 ಮಿ.ಮೀ.ಗೆ ಸಮ) ಹಾಕಿದರೆ ಅದೇ ದೂರದಿಂದ ಸುಮಾರು 2.3 ಮೀಟರ್ ಅಗಲಕ್ಕೆ ಬರಬಹುದು. ಆದರೆ ಈ ಜಾತಿಯ ಲೆನ್ಸುಗಳಲ್ಲಿ ಜೂಮ್ ಕೈಯಿಂದ ತಿರುಗಿಸುವ ಉಂಗುರದಲ್ಲಿರುವುದರಿಂದ ನಡುವೆ ಹತ್ತಿರಕ್ಕೆ ಎಳೆಯುವಾಗ ಚಿತ್ರ ಅಲುಗುತ್ತದೆ, ಜೂಮ್ ಬದಲಾದಂತೆ ಫೋಕಸ್ ಕೂಡ ಸ್ವಲ್ಪ ಜಾರಿ ಮತ್ತೆ ಹಿಡಿದುಕೊಳ್ಳುತ್ತದೆ. 70-350 ಮಿ.ಮೀ. ಲೆನ್ಸ್ ಇನ್ನೂ ಹತ್ತಿರ ತರುತ್ತದೆ, ಆದರೆ ಅದರ ಬೆಲೆ ಕ್ಯಾಮೆರಾದ ಬೆಲೆಗೆ ಸೆಡ್ಡು ಹೊಡೆಯುತ್ತದೆ. ಇದರ ಪುಟ್ಟ ಎನ್‌ಪಿ-ಎಫ್‌ಡಬ್ಲ್ಯು50 ಬ್ಯಾಟರಿ ಎರಡು ಗಂಟೆಯ ಆಚೀಚೆಗೆ ಮುಗಿಯುತ್ತದೆ, ಆದ್ದರಿಂದ ದೀರ್ಘ ಕಾರ್ಯಕ್ರಮಕ್ಕೆ ಯುಎಸ್‌ಬಿ-ಸಿ ಮೂಲಕ ಪವರ್ ಬ್ಯಾಂಕ್ ಜೋಡಿಸಿಯೇ ಇಡಬೇಕು. 2024ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ದೊಡ್ಡ ಎನ್‌ಪಿ-ಎಫ್‌ಝಡ್100 ಬ್ಯಾಟರಿ ಹಾಕಿ ಈ ತೊಂದರೆಯನ್ನು ನಿವಾರಿಸಿದ್ದಾರೆ.

ಎರಡನೆಯದು ಡಿಜೆಐ ಆಸ್ಮೊ ಪಾಕೆಟ್ 3. ಇದರ ಬಗ್ಗೆ ಹೆಚ್ಚು ಬರೆಯಬೇಕಾದದ್ದಿಲ್ಲ, ಏಕೆಂದರೆ ಇದು ಒಂದೇ ಕೆಲಸಕ್ಕೆ ಹುಟ್ಟಿದ್ದು ಮತ್ತು ಅದನ್ನು ಸೊಗಸಾಗಿ ಮಾಡುತ್ತದೆ. ಒಂದು ಇಂಚಿನ ಸೆನ್ಸರು, ಮೂರು ದಿಕ್ಕಿನ ಅಲುಗಾಟವನ್ನು ನುಂಗುವ ಗಿಂಬಲ್, ಅಡ್ಡಕ್ಕೂ ಉದ್ದಕ್ಕೂ ತಿರುಗುವ ಎರಡು ಇಂಚಿನ ಪರದೆ, 179 ಗ್ರಾಂ ತೂಕ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬುಲ್ ಟೆಂಪಲ್ ರಸ್ತೆಯಲ್ಲಿ ಭುಜಕ್ಕೆ ಭುಜ ತಾಗುವ ಜನರ ನಡುವೆ ಕಡಲೆಕಾಯಿ ರಾಶಿಗಳ ಪಕ್ಕದಲ್ಲಿ ನಡೆದರೂ ಚಿತ್ರ ತೇಲಿಕೊಂಡು ಬಂದಂತಿತ್ತು. ಸೇರಿನಲ್ಲಿ ಅಳೆದು ಸುರಿಯುತ್ತಿದ್ದ ಅಜ್ಜಿ ನನ್ನ ಕೈಯಲ್ಲಿರುವುದು ಕ್ಯಾಮೆರಾ ಎಂಬುದನ್ನೇ ಗಮನಿಸಲಿಲ್ಲ; ದೊಡ್ಡ ಲೆನ್ಸ್ ಕಂಡೊಡನೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಲ್ಲುವ ಗಡಿಬಿಡಿ ಅಲ್ಲಿರಲಿಲ್ಲ. ಆದರೆ ಇದರ ಲೆನ್ಸು 20 ಮಿ.ಮೀ.ಗೆ ಸಮನಾದದ್ದು ಮತ್ತು ಆಪ್ಟಿಕಲ್ ಜೂಮ್, ಅಂದರೆ ಗಾಜಿನಿಂದಲೇ ಹತ್ತಿರಕ್ಕೆ ತರುವ ಜೂಮ್, ಇಲ್ಲವೇ ಇಲ್ಲ. ಅದೇ ಲೆಕ್ಕದಲ್ಲಿ 20 ಮೀಟರ್ ದೂರದಿಂದ 36 ಮೀಟರ್ ಅಗಲ ಬರುತ್ತದೆ, ಅಂದರೆ ವೇದಿಕೆಯ ಜೊತೆ ಪಕ್ಕದ ಗೋಡೆಗಳೂ, ಮುಂದೆ ಕುಳಿತ ಎಲ್ಲರ ತಲೆಗಳೂ.

ಮೂರನೆಯದೇ ಅಂಗಡಿಯ ಆ ಹುಡುಗ ನಕ್ಕ ಹ್ಯಾಂಡಿಕ್ಯಾಮ್ ಜಾತಿಯದು. ಸೋನಿ ಎಫ್‌ಡಿಆರ್-ಎಎಕ್ಸ್53 ಬಂದು ಹತ್ತು ವರ್ಷಗಳ ಹತ್ತಿರವಾಗಿದೆ, ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಇದರ ಸೆನ್ಸರು ಝಡ್‌ವಿ-ಇ10ರ ಮುಂದೆ ಉಗುರಿನ ತುದಿಯಷ್ಟೇ, ಹಿನ್ನೆಲೆಯ ಬ್ಲರ್ ಎಂಬುದು ಇದರಿಂದ ಆಗುವ ಮಾತಲ್ಲ. ಆದರೆ 20 ಪಟ್ಟು ಆಪ್ಟಿಕಲ್ ಜೂಮ್ ಇದೆ, ಫಿಲಂ ಲೆಕ್ಕದಲ್ಲಿ 26.8 ಮಿ.ಮೀ.ಯಿಂದ 536 ಮಿ.ಮೀ.ವರೆಗೆ, ಅದೂ ಬೆರಳಿನ ಒತ್ತಡಕ್ಕೆ ತಕ್ಕಂತೆ ನಿಧಾನವಾಗಿಯೋ ಬೇಗವಾಗಿಯೋ ಸಾಗುವ ಗುಂಡಿಯ ಮೇಲೆ. ಪೂರ್ತಿ ಜೂಮ್ ಮಾಡಿದರೆ 20 ಮೀಟರ್ ದೂರದಿಂದ ಸುಮಾರು 1.3 ಮೀಟರ್ ಅಗಲ ಸಿಗುತ್ತದೆ: ಸೊಂಟದಿಂದ ಮೇಲೆ, ಎರಡು ಕೈಗಳ ಮುದ್ರೆ ಸಹಿತ ಮುಖ. ಪದ ಎಂಬ ನಿಧಾನಗತಿಯ ಹಾಡಿನ ಅಭಿನಯ ಹಿಡಿಯಲು ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಇಡೀ ಲೆನ್ಸು ಗುಂಡಿನಂತೆ ಒಳಗೇ ತೂಗಾಡಿಕೊಂಡು ನಡುಕವನ್ನು ಸರಿಪಡಿಸುವ ವ್ಯವಸ್ಥೆಯೊಂದಿದೆ, ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಗಾಜು ಕಣ್ಣುಗುಡ್ಡೆಯಂತೆ ಎದುರು ದಿಕ್ಕಿಗೆ ಹೊರಳುವುದು ಬರಿಗಣ್ಣಿಗೇ ಕಾಣುತ್ತದೆ.

ಸಣ್ಣ ಸೆನ್ಸರಿನಿಂದ ಒಂದು ಲಾಭವೂ ಇದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದೊಡ್ಡ ಸೆನ್ಸರು ಮತ್ತು ಉದ್ದದ ಲೆನ್ಸಿನಲ್ಲಿ ಫೋಕಸ್ ಹಿಡಿಯುವ ಆಳ ತೀರ ಕಡಿಮೆ, ನರ್ತಕಿ ನಾಲ್ಕು ಹೆಜ್ಜೆ ಮುಂದೆ ಬಂದರೆ ಕ್ಯಾಮೆರಾ ಅವಳನ್ನು ಬೆನ್ನಟ್ಟಬೇಕು. ಇಲ್ಲಿ ಜೂಮನ್ನು ಪೂರ್ತಿ ಎಳೆಯದಿದ್ದರೆ ಅವಳು ವೇದಿಕೆಯ ಹಿಂದಿನ ನಟರಾಜನ ಬಳಿಯಿಂದ ಮುಂಭಾಗದ ದೀಪದವರೆಗೆ ಬಂದರೂ ಬಹುಮಟ್ಟಿಗೆ ಎಲ್ಲವೂ ಸ್ಪಷ್ಟವಾಗಿಯೇ ಉಳಿಯುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಅಥವಾ ಗೋಡೆಯ ಪ್ಲಗ್ಗಿಗೆ ಜೋಡಿಸಿದರೆ ಕಾರ್ಡ್ ತುಂಬುವವರೆಗೆ ನಿಲ್ಲದೆ ಓಡುತ್ತದೆ. ನಾಟಕಗಳಿಗೆ ಮಾತ್ರ ಇದನ್ನು ಒಯ್ಯುವುದಿಲ್ಲ. ಹಣತೆಯೊಂದರ ಬೆಳಕಿನಲ್ಲಿ ನಡೆಯುವ ದೃಶ್ಯದಲ್ಲಿ ಕಪ್ಪು ಜಾಗವೆಲ್ಲ ರಾಗಿ ಹಿಟ್ಟು ಚೆಲ್ಲಿದಂತೆ ಕಾಳುಕಾಳಾಗಿ ಕುದಿಯುತ್ತದೆ, ಜೂಮ್ ಎಳೆದಷ್ಟೂ ಲೆನ್ಸಿನ ಬಾಯಿ ಎಫ್2ರಿಂದ ಎಫ್3.8ಕ್ಕೆ ಕಿರಿದಾಗುವುದರಿಂದ ಇನ್ನೂ ಕೆಡುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪರದೆಯನ್ನು ಹತ್ತು ಸಲ ಬಿಚ್ಚಿ ಮಡಚಿ ಚಿತ್ರ ಮಿನುಗುವುದೇ ಎಂದು ನೋಡಬೇಕು, ಜೂಮನ್ನು ಕೊನೆಯವರೆಗೆ ಎಳೆದು ಮೋಟರಿನ ಸದ್ದು ಆಲಿಸಬೇಕು, ಲೆನ್ಸ್ ಮುಚ್ಚಿ ಒಂದು ನಿಮಿಷ ರೆಕಾರ್ಡ್ ಮಾಡಿ ಕಪ್ಪಿನಲ್ಲಿ ಬಿಳಿ ಚುಕ್ಕೆಗಳು ಇವೆಯೇ ಎಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಬೇಕು.

ಕ್ಯಾಮೆರಾಕ್ಕಿಂತ ಹೆಚ್ಚು ದಿನ ನನ್ನನ್ನು ಕಾಡಿದ್ದು ಧ್ವನಿ. ಹಿಂದಿನ ಸಾಲಿನಲ್ಲಿಟ್ಟ ಕ್ಯಾಮೆರಾದ ಸ್ವಂತ ಮೈಕಿಗೆ ಮೊದಲು ಕೇಳುವುದು ಪಕ್ಕದ ಕೆಮ್ಮು, ಫ್ಯಾನಿನ ಗುಂಯ್‌ಗುಟ್ಟುವಿಕೆ, ಬಾಗಿಲಿನ ಕಿರುಗುಟ್ಟುವಿಕೆ, ಕಾಫಿ ಎಲ್ಲಿ ಕೊಡುತ್ತಾರೆಂಬ ವಿಚಾರಣೆ. ಹಾಡು ಅದೆಲ್ಲದರ ಆಚೆ ಎಲ್ಲೋ ಇರುತ್ತದೆ. ಮೈಕ್‌ಸೆಟ್‌ನವರನ್ನು ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಮಾತನಾಡಿಸಿ, ಎಲ್ಲ ಮೈಕುಗಳ ಧ್ವನಿ ಬಂದು ಸೇರುವ ಅವರ ಮಿಕ್ಸರಿನಿಂದ ಒಂದು ಲೈನ್, ಅಂದರೆ ಧ್ವನಿಯ ತಂತಿ, ಕೇಳಿಕೊಳ್ಳುವುದು ಒಳ್ಳೆಯ ದಾರಿ. ಅದನ್ನು ನೇರವಾಗಿ ಕ್ಯಾಮೆರಾದ ಮೈಕ್ ಕಿಂಡಿಗೆ ಚುಚ್ಚಬಾರದು. ಮಿಕ್ಸರಿನಿಂದ ಬರುವ ಸಂಕೇತ ಮೈಕಿನ ಸಂಕೇತಕ್ಕಿಂತ ಬಹಳ ಪ್ರಬಲವಾಗಿರುವುದರಿಂದ ಧ್ವನಿ ಒಡೆದುಹೋಗುತ್ತದೆ, ಒಡೆದ ಧ್ವನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ನಿಜವಾಗಿ ಸರಿಮಾಡಲಾರದು. ನಾನು ಝೂಮ್ ಕಂಪನಿಯ ಎಚ್1ಎನ್ ಎಂಬ ಕೈಯಗಲದ ರೆಕಾರ್ಡರ್ ಬಳಸುತ್ತೇನೆ; ಎರಡು ಟ್ರಿಪಲ್-ಎ ಸೆಲ್ಲುಗಳಲ್ಲಿ ಓಡುತ್ತದೆ, ಲೈನ್ ಮಟ್ಟದ ಸಂಕೇತವನ್ನು ತಾಳಿಕೊಳ್ಳುತ್ತದೆ. ಮಟ್ಟವನ್ನು ಹೊಂದಿಸುವಾಗ ಗಾಯಕರ ಧ್ವನಿಯನ್ನು ನಂಬಬಾರದು, ನಟ್ಟುವಾಂಗದ, ಅಂದರೆ ನೃತ್ಯ ನಡೆಸುವ ಗುರುಗಳು ಕೈಯಲ್ಲಿ ಹಿಡಿದು ತಟ್ಟುವ, ತಾಳವನ್ನು ನಂಬಬೇಕು. ಹಾಡು ಎಷ್ಟೇ ಮೃದುವಾಗಿದ್ದರೂ ತಾಳದ ಪೆಟ್ಟು ಸೂಜಿಯಂತೆ ಮೇಲೇರುತ್ತದೆ. ಅದು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟರೆ ಉಳಿದದ್ದೆಲ್ಲ ಕ್ಷೇಮ.

ಆ ತಾಳದಿಂದಲೇ ಇನ್ನೊಂದು ಉಪಕಾರ ಆಗುತ್ತದೆ. ಚಿತ್ರವೂ ಧ್ವನಿಯೂ ಬೇರೆ ಬೇರೆ ಯಂತ್ರಗಳಲ್ಲಿ ರೆಕಾರ್ಡ್ ಆದಾಗ ಅವನ್ನು ಕೂಡಿಸಲು ಸಿನಿಮಾದವರು ಕ್ಲ್ಯಾಪ್ ಹೊಡೆಯುತ್ತಾರೆ, ನನಗೆ ಗುರುಗಳು ತಾಳ ತಟ್ಟಿಕೊಡುತ್ತಾರೆ. ಕ್ಯಾಮೆರಾದ ಕಳಪೆ ಧ್ವನಿಯಲ್ಲೂ ಆರಂಭದ ನೃತ್ಯಬಂಧವಾದ ಅಲರಿಪುವಿನ ಮೊದಲ ಪೆಟ್ಟು ಕಂಪ್ಯೂಟರ್ ತೋರಿಸುವ ಧ್ವನಿ ಅಲೆಯ ಚಿತ್ರದಲ್ಲಿ ಎದ್ದು ನಿಂತಿರುತ್ತದೆ, ರೆಕಾರ್ಡರಿನ ಧ್ವನಿಯಲ್ಲೂ ಅದೇ ಪೆಟ್ಟು ಇರುತ್ತದೆ. ಎರಡನ್ನೂ ಒಂದರ ಕೆಳಗೊಂದು ಸರಿಸಿ ನಿಲ್ಲಿಸಿದರೆ ಆಯಿತು. ಎರಡು ಯಂತ್ರಗಳ ಗಡಿಯಾರಗಳು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಓಡುವುದರಿಂದ ಗಂಟೆ ಕಳೆಯುವಷ್ಟರಲ್ಲಿ ಹೆಜ್ಜೆಗೂ ಗೆಜ್ಜೆಗೂ ಸಣ್ಣ ಅಂತರ ಬೀಳಬಹುದು, ಆದ್ದರಿಂದ ಪ್ರತಿಯೊಂದು ನೃತ್ಯಬಂಧದ ಆರಂಭದಲ್ಲೂ ಹೊಸದಾಗಿ ಜೋಡಿಸಿಕೊಳ್ಳುತ್ತೇನೆ. ತಂದೆಯವರ ಮಾತಿಗೆ ಇಷ್ಟೆಲ್ಲ ಬೇಡ. ಬೋಯಾ ಬಿವೈ-ಎಂ1 ಎಂಬ ಕಾಲರ್ ಮೈಕಿಗೆ ಆರು ಮೀಟರ್ ತಂತಿ ಇದೆ, ಅಷ್ಟೇ ಸಾಕು. ಅದರ ಸಣ್ಣ ಡಬ್ಬಿಯ ಮೇಲೆ ಫೋನಿಗೆ ಒಂದು, ಕ್ಯಾಮೆರಾಕ್ಕೆ ಒಂದು ಎಂದು ಸ್ವಿಚ್ ಇದೆ. ಅದನ್ನು ಕ್ಯಾಮೆರಾದ ಕಡೆಗೆ ತಳ್ಳಲು ಮರೆತು ಒಂದು ಭಾನುವಾರದ ಬೆಳಗ್ಗೆಯನ್ನೇ ಕಳೆದುಕೊಂಡಿದ್ದೇನೆ. ಹೆಡ್‌ಫೋನ್ ಹಾಕಿಕೊಳ್ಳದೆ ರೆಕಾರ್ಡ್ ಮಾಡಿದ್ದು ಅದೇ ಕೊನೆ.

ಸ್ಟ್ಯಾಂಡಿನ ವಿಷಯದಲ್ಲಿ ಜಿಪುಣತನ ಮಾಡಿ ಎರಡು ಬಾರಿ ದುಡ್ಡು ಕಳೆದೆ. ಫೋಟೊ ತೆಗೆಯುವ ಹಗುರ ಸ್ಟ್ಯಾಂಡುಗಳು ನಿಂತಲ್ಲಿ ನಿಲ್ಲಲು ಸರಿ, ನರ್ತಕಿಯ ಜೊತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಮೊದಲು ಅಂಟಿಕೊಂಡು ಆಮೇಲೆ ಜಿಗಿಯುತ್ತವೆ, 500 ಮಿ.ಮೀ. ಜೂಮಿನಲ್ಲಿ ಆ ಜಿಗಿತ ಭೂಕಂಪದಂತೆ ಕಾಣುತ್ತದೆ. ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಇರುವ, ಕಾಲುಗಳು ದಪ್ಪಗಿರುವ ವಿಡಿಯೊ ಸ್ಟ್ಯಾಂಡನ್ನೇ ಮೊದಲು ಕೊಂಡಿದ್ದರೆ ಚೆನ್ನಾಗಿತ್ತು. ಮರದ ನೆಲವಿರುವ ಸಭಾಂಗಣಗಳಲ್ಲಿ ಜನ ಓಡಾಡಿದಾಗ ಅದೂ ನಡುಗುತ್ತದೆ, ನಡುವಿನ ಕೊಕ್ಕೆಗೆ ಕ್ಯಾಮೆರಾ ಚೀಲವನ್ನು ನೇತುಹಾಕಿದರೆ ಸ್ವಲ್ಪ ತಗ್ಗುತ್ತದೆ.

ಬೆಳಕಿನ ವಿಚಾರದಲ್ಲಿ ಮೂರು ಕ್ಯಾಮೆರಾಗಳಿಗೂ ಅನ್ವಯಿಸುವ ಒಂದು ಮಾತು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅದರಿಂದ ಉರಿಯುವ ಟ್ಯೂಬುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಬಾರಿ ಏರಿಳಿಯುತ್ತವೆ. ಕ್ಯಾಮೆರಾವನ್ನು ಎನ್‌ಟಿಎಸ್‌ಸಿ ಎಂಬ ಅಮೆರಿಕದ ಟಿವಿ ಕ್ರಮದಲ್ಲಿಟ್ಟು ಸೆಕೆಂಡಿಗೆ 30 ಫ್ರೇಮಿನಲ್ಲಿ ಸೆಕೆಂಡಿನ 1/60 ಭಾಗದ ಶಟರ್ ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಮೆಲ್ಲಗೆ ಹರಿಯುತ್ತವೆ. ನಮ್ಮ ಕಡೆಯ ಪಾಲ್ ಕ್ರಮಕ್ಕೆ ಬದಲಾಯಿಸಿ 25 ಫ್ರೇಮು, 1/50ರ ಶಟರ್ ಇಟ್ಟುಕೊಂಡರೆ ಬಹುಪಾಲು ತೊಂದರೆ ಮಾಯವಾಗುತ್ತದೆ. ಝಡ್‌ವಿ-ಇ10ರಲ್ಲಿ ಇದರ ಇನ್ನೊಂದು ಲಾಭವೆಂದರೆ 25 ಫ್ರೇಮಿನ 4ಕೆ ಸೆನ್ಸರಿನ ಪೂರ್ತಿ ಅಗಲವನ್ನು ಬಳಸುತ್ತದೆ, 30 ಫ್ರೇಮಿಗೆ ಹೋದರೆ ಅಂಚು ಕತ್ತರಿಸುತ್ತದೆ. ಇನ್ನು ಕಪ್ಪು ಪರದೆಯ ಮುಂದೆ ಒಬ್ಬಳೇ ನರ್ತಕಿ ಇದ್ದಾಗ ಕ್ಯಾಮೆರಾದ ಸ್ವಯಂಚಾಲಿತ ಬುದ್ಧಿಯು ಕತ್ತಲೆಯನ್ನು ಬೆಳಗಿಸಲು ಹೋಗಿ ಅವಳ ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ, ರೇಷ್ಮೆಯ ಜರಿಯೆಲ್ಲ ಬಿಳಿ ಕಲೆಯಾಗುತ್ತದೆ. ಪುಷ್ಪಾಂಜಲಿಯ ಹೊತ್ತಿಗೇ ಮುಖಕ್ಕೆ ಹೊಂದಿಸಿ ಬೆಳಕನ್ನೂ ಬಣ್ಣದ ಸಮತೋಲವನ್ನೂ ಬೀಗ ಹಾಕಿಬಿಡುವುದೇ ಒಳ್ಳೆಯದು.

ಮೆಮೊರಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ 170, 200 ಎಂಬಿ ವೇಗವು ಓದುವ ವೇಗ, ಬರೆಯುವುದಲ್ಲ. ಬೇಕಾದದ್ದು ವಿ30 ಎಂಬ ಗುರುತು, ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ. ಎರಡು ಸೋನಿ ಕ್ಯಾಮೆರಾಗಳ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) 4ಕೆಗೆ ಸೆಕೆಂಡಿಗೆ 12.5 ಎಂಬಿ ಸಾಕಾಗುತ್ತದೆ, ಗಂಟೆಗೆ 45 ಜಿಬಿ ಹಿಡಿಯುತ್ತದೆ. 60 ಎಂಬಿಪಿಎಸ್‌ನಲ್ಲಿ ಗಂಟೆಗೆ 27 ಜಿಬಿ, ಮೂರು ಗಂಟೆಗೆ 81. ಹಾಗಾಗಿ 128 ಜಿಬಿಯ ಒಂದು ಕಾರ್ಡಿನಲ್ಲಿ ಇಡೀ ರಂಗಪ್ರವೇಶ ಹಿಡಿಸುತ್ತದೆ. ಎಸ್‌.ಪಿ. ರಸ್ತೆಯಲ್ಲಿ ಕೇಬಲ್ಲು, ಅಡಾಪ್ಟರುಗಳನ್ನು ಧಾರಾಳವಾಗಿ ಕೊಳ್ಳುತ್ತೇನೆ, ಕಾರ್ಡನ್ನು ಮಾತ್ರ ಬಿಲ್ ಕೊಡುವಲ್ಲಿ ಕೊಂಡು, ಮನೆಗೆ ತಂದು ಪೂರ್ತಿ ತುಂಬಿಸಿ ಓದಿ ನೋಡಿದ ಮೇಲೆಯೇ ಬಳಸುತ್ತೇನೆ. "ಬಿಲ್ ಬೇಕಾ ಸಾರ್, ಬೇಡ್ವಾ?" ಎಂಬ ಪ್ರಶ್ನೆ ಕ್ಯಾಮೆರಾ ಅಂಗಡಿಗಳಲ್ಲೂ ಬರುವುದುಂಟು. ಬಿಲ್ ಇಲ್ಲದ ಮಾಲಿಗೆ 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆ ಎಂಬ ಆಸೆ ಇರುತ್ತದೆ, ಕಂಪನಿಯ ವಾರಂಟಿಯೂ ಅದರ ಜೊತೆಗೇ ಹೋಗುತ್ತದೆ.

ನನ್ನ ಆಯ್ಕೆ ಕೊನೆಗೆ ಹೀಗಾಯಿತು: ಎಎಕ್ಸ್53 ಸ್ವಂತದ್ದು, ಏಕೆಂದರೆ ತಿಂಗಳಿಗೆ ಎರಡು ಮೂರು ಕಾರ್ಯಕ್ರಮ ಅದೇ ಹಿಂದಿನ ಸಾಲಿನಿಂದ ಹಿಡಿಯುತ್ತೇನೆ, ಝಡ್‌ವಿ-ಇ10 ತಂದೆಯವರ ಸಲುವಾಗಿ ಬೇಕಾದ ದಿನ ಬಾಡಿಗೆಗೆ, ಪಾಕೆಟ್ 3 ವರ್ಷಕ್ಕೊಮ್ಮೆ ಪರಿಷೆಗೆ, ಗೆಳೆಯನಿಂದ ಕೇಳಿ ತಂದದ್ದು. ಮನೆಯ ಮಕ್ಕಳನ್ನು, ಅಡುಗೆಯನ್ನು, ಎದುರು ಕುಳಿತವರ ಮಾತನ್ನು ಮಾತ್ರ ಹಿಡಿಯುವವರಾದರೆ ನನ್ನ ಈ ಕ್ರಮವನ್ನು ತಲೆಕೆಳಗು ಮಾಡಿ, ಝಡ್‌ವಿ-ಇ10 ಕೊಂಡು ಹ್ಯಾಂಡಿಕ್ಯಾಮನ್ನು ಮರೆತುಬಿಡಬಹುದು. ಅಕ್ಕನ ಮಗಳು ಮೊನ್ನೆ ಅದೇ ವರ್ಣವನ್ನು ಇನ್ನೊಂದು ವೇದಿಕೆಯಲ್ಲಿ ಮಾಡಿದಳು. ಫೈಲಿನ ಉದ್ದ 38 ನಿಮಿಷ 12 ಸೆಕೆಂಡು, ಕೊನೆಯಲ್ಲಿ ನನ್ನ ಪಕ್ಕದವರ ಚಪ್ಪಾಳೆಯೂ ಸೇರಿ.